ಇಷ್ಟ ಬಂದ ಶಾಲೆಗೆ ಸೇರಿ ಎಂದರೆ ಸಾಕೇ? ನ್ಯೂ ಕೆಂಟ್‌ನ ಎರಡು ಸರ್ಕಾರಿ ಶಾಲೆಗಳು ಹೇಳುವುದೇನು

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ನ್ಯೂ ಕೆಂಟ್ ಅಂತ ಒಂದು ಸಣ್ಣ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಭಾಗ) ಇದೆ. ರಿಚ್ಮಂಡ್ ನಗರದಿಂದ ಪೂರ್ವಕ್ಕೆ ಹೋದರೆ ಸಿಗುತ್ತದೆ. 1960ರ ದಶಕದಲ್ಲಿ ಅದು ಅಪ್ಪಟ ಹಳ್ಳಿಗಾಡು. ಜನಸಂಖ್ಯೆ ಸುಮಾರು 4,500, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಕಪ್ಪು ಜನ. ಇಡೀ ಕೌಂಟಿಗೆ ಇದ್ದದ್ದು ಎರಡೇ ಸರ್ಕಾರಿ ಶಾಲೆ. ಪೂರ್ವ ಭಾಗದಲ್ಲಿ ನ್ಯೂ ಕೆಂಟ್ ಶಾಲೆ, ಅದು ಬಿಳಿಯರ ಮಕ್ಕಳಿಗೆ. ಪಶ್ಚಿಮದ ಕಡೆ, ಕ್ವಿಂಟನ್ ಎಂಬ ಊರಿನಲ್ಲಿ, ಜಾರ್ಜ್ ಡಬ್ಲ್ಯೂ. ವಾಟ್ಕಿನ್ಸ್ ಶಾಲೆ, ಅದು ಕಪ್ಪು ಮಕ್ಕಳಿಗೆ. ಎರಡರಲ್ಲೂ ಪ್ರೈಮರಿಯಿಂದ ಹೈಸ್ಕೂಲಿನವರೆಗೆ ಎಲ್ಲ ತರಗತಿ ಇದ್ದವು.

ಈ ಕೌಂಟಿಯಲ್ಲಿ 21 ಸ್ಕೂಲ್ ಬಸ್ ಓಡುತ್ತಿದ್ದವು. 11 ಬಸ್ ವಾಟ್ಕಿನ್ಸ್‌ಗೆ, 10 ಬಸ್ ನ್ಯೂ ಕೆಂಟ್‌ಗೆ. ಒಂದೇ ರಸ್ತೆಯಲ್ಲಿ ಬೆಳಿಗ್ಗೆ ಎರಡು ಬಸ್ ಬರುವುದು, ಒಂದು ಬಿಳಿ ಮಕ್ಕಳನ್ನು ಹತ್ತಿಸಿಕೊಂಡು ಒಂದು ಕಡೆ ಹೋಗುವುದು, ಇನ್ನೊಂದು ಕಪ್ಪು ಮಕ್ಕಳನ್ನು ಹತ್ತಿಸಿಕೊಂಡು ಉಲ್ಟಾ ದಿಕ್ಕಿಗೆ ಹೋಗುವುದು. ಯಾಕೆಂದರೆ ಇಲ್ಲಿ ಬಿಳಿಯರ ಕೇರಿ, ಕಪ್ಪು ಜನರ ಕೇರಿ ಅಂತ ಬೇರೆ ಬೇರೆ ಇರಲಿಲ್ಲ. ಮನೆಗಳು ಕೌಂಟಿ ತುಂಬ ಬೆರೆತುಕೊಂಡಿದ್ದವು. ಮೂಲನಿವಾಸಿ ಇಂಡಿಯನ್ ಮಕ್ಕಳನ್ನಂತೂ ಬಸ್ಸಿನಲ್ಲಿ ಪಕ್ಕದ ಕೌಂಟಿಯ ‘ಇಂಡಿಯನ್’ ಶಾಲೆಗೆ ಕಳಿಸುತ್ತಿದ್ದರು. ದೊಡ್ಡ ಊರುಗಳಲ್ಲಿ ‘ಜನ ಬೇರೆ ಬೇರೆ ಕಡೆ ಇದ್ದಾರೆ, ಹಾಗಾಗಿ ಶಾಲೆಗಳೂ ಬೇರೆ ಆದವು’ ಅಂತ ಹೇಳಲು ಒಂದು ನೆಪ ಇರುತ್ತದೆ. ನ್ಯೂ ಕೆಂಟ್‌ನಲ್ಲಿ ಆ ನೆಪವೂ ಇರಲಿಲ್ಲ. ಮಕ್ಕಳನ್ನು ಬೇರೆ ಇಡಬೇಕು ಅಂತಲೇ ಸರ್ಕಾರ ದುಡ್ಡು ಖರ್ಚು ಮಾಡಿ ಬೇರೆ ಇಟ್ಟಿತ್ತು.

ಇಷ್ಟು ಹಳೆಯ ಕಥೆ ಈಗ ಯಾಕೆ? ಕಾರಣ ಇದೆ. ಅಮೆರಿಕದಲ್ಲಿ ಈಗ ‘ಸ್ಕೂಲ್ ಚಾಯ್ಸ್’ ದೊಡ್ಡ ವಿಷಯ. 2025ರ ಮೇ ತಿಂಗಳಲ್ಲಿ ಟೆಕ್ಸಸ್ ರಾಜ್ಯ ಒಂದು ಕಾನೂನು ಮಾಡಿತು. ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಲು ಸರ್ಕಾರವೇ ದುಡ್ಡು ಕೊಡುವ ಯೋಜನೆ ಅದು, ಶುರುವಿಗೆ 100 ಕೋಟಿ ಡಾಲರ್. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರದ ದೊಡ್ಡ ತೆರಿಗೆ ಕಾನೂನಿನಲ್ಲೂ ಇಂಥದ್ದೇ ಒಂದು ವ್ಯವಸ್ಥೆ ಸೇರಿತು. ಸ್ಕಾಲರ್‌ಶಿಪ್ ಕೊಡುವ ಸಂಸ್ಥೆಗೆ ಯಾರಾದರೂ ದೇಣಿಗೆ ಕೊಟ್ಟರೆ 1,700 ಡಾಲರ್‌ವರೆಗೆ ತೆರಿಗೆಯಲ್ಲಿ ಪೂರ್ತಿ ಕಡಿತ, 2027ರಿಂದ ಜಾರಿ, ಬೇಕಾದ ರಾಜ್ಯಗಳು ಸೇರಿಕೊಳ್ಳಬಹುದು. ಇವೆಲ್ಲದರ ಹಿಂದಿನ ಮಾತು ಒಂದೇ: ಅಪ್ಪ ಅಮ್ಮನಿಗೆ ಆಯ್ಕೆ ಕೊಡಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ.

ನ್ಯೂ ಕೆಂಟ್‌ನಲ್ಲಿ ಇದೇ ಮಾತನ್ನು ಮೂರು ವರ್ಷ ಪ್ರಯೋಗ ಮಾಡಿ ನೋಡಿದ್ದಾರೆ. ಫಲಿತಾಂಶ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ದಾಖಲಾಗಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಆ ಶಾಲೆಗಳು ಹುಟ್ಟಿದ್ದು ಹೇಗೆ ಅನ್ನುವುದು. ವರ್ಜೀನಿಯಾದ 1902ರ ಸಂವಿಧಾನದಲ್ಲೇ ಬರೆದಿತ್ತು, ಬಿಳಿ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಒಂದೇ ಶಾಲೆಯಲ್ಲಿ ಪಾಠ ಮಾಡಕೂಡದು ಅಂತ. ಅದೇ ಸಂವಿಧಾನ ಮತದಾನಕ್ಕೆ ತೆರಿಗೆ ಹಾಕಿ, ಇನ್ನೂ ಏನೇನೋ ಅಡ್ಡಿ ಇಟ್ಟು, ಕಪ್ಪು ಜನರ ಓಟನ್ನೂ ಕಿತ್ತುಕೊಂಡಿತ್ತು. ಓಟಿಲ್ಲದವರ ಶಾಲೆಗೆ ಅನುದಾನ ಕೊಡಿ ಅಂತ ಕೇಳುವವರು ಯಾರು? ದಕ್ಷಿಣದ ರಾಜ್ಯಗಳಲ್ಲೆಲ್ಲ ಇದೇ ಸ್ಥಿತಿ. ಕಪ್ಪು ಜನ ಸರ್ಕಾರಕ್ಕೆ ತೆರಿಗೆ ಕಟ್ಟುತ್ತಿದ್ದರು, ಅದರ ಮೇಲೆ ತಮ್ಮ ಮಕ್ಕಳ ಶಾಲೆಗಾಗಿ ಊರಲ್ಲಿ ಮತ್ತೆ ಚಂದಾ ಎತ್ತುತ್ತಿದ್ದರು, ಜಾಗ ಕೊಡುತ್ತಿದ್ದರು, ಮರ ಕಡಿದು ತಂದು ತಾವೇ ಕಟ್ಟುತ್ತಿದ್ದರು. ಕಪ್ಪು ಜನರ ಶಿಕ್ಷಣದ ಮುಂದಾಳು ಬುಕರ್ ಟಿ. ವಾಷಿಂಗ್ಟನ್ ಮತ್ತು ಚಿಕಾಗೋದ ವ್ಯಾಪಾರಿ ಜೂಲಿಯಸ್ ರೋಸನ್‌ವಾಲ್ಡ್ ಸೇರಿ ಶುರುಮಾಡಿದ ಕೆಲಸದಿಂದ 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಸುಮಾರು 5,000 ಹಳ್ಳಿ ಶಾಲೆಗಳು ಎದ್ದವು. ಅದರಲ್ಲೂ ನಿಯಮ ಏನೆಂದರೆ ಊರಿನ ಜನ ತಮ್ಮ ಪಾಲು ಹಾಕಲೇಬೇಕು. ಬಡವರು ಕೋಳಿ ಮಾರಿ, ಹತ್ತಿ ಮಾರಿ ಪಾಲು ಹಾಕಿದರು.

ನ್ಯೂ ಕೆಂಟ್‌ನ ಬಿಳಿಯರ ಶಾಲೆ ಕಟ್ಟಿದ್ದು 1930ರಲ್ಲಿ. ವಾಟ್ಕಿನ್ಸ್ ಕಟ್ಟಡ ಎದ್ದಿದ್ದು 1950ರಲ್ಲಿ, ಅದಕ್ಕೂ ಮುಂಚೆ ಇದ್ದ ‘ಟ್ರೇನಿಂಗ್ ಸ್ಕೂಲ್’ ಜಾಗಕ್ಕೆ ಬಂದದ್ದು. ಆ ಕಾಲದಲ್ಲಿ ದಕ್ಷಿಣದಲ್ಲಿ ಕಪ್ಪು ಮಕ್ಕಳ ಮೇಲಿನ ತರಗತಿಗಳ ಶಾಲೆಯನ್ನು ಹೈಸ್ಕೂಲು ಅನ್ನದೆ ಟ್ರೇನಿಂಗ್ ಸ್ಕೂಲ್ ಅಂತಲೇ ಕರೆಯುತ್ತಿದ್ದರು, ಯಾಕೆಂದರೆ ಕಪ್ಪು ಮಕ್ಕಳಿಗೆ ಹೈಸ್ಕೂಲಿನ ಓದು ಅಂದರೆ ಎಷ್ಟೋ ಕೌಂಟಿಗಳ ಬಿಳಿಯರಿಗೆ ಇಷ್ಟವಾಗುತ್ತಿರಲಿಲ್ಲ.

1954ರ ಮೇ 17ರಂದು ಸುಪ್ರೀಂ ಕೋರ್ಟ್ ಬ್ರೌನ್ ತೀರ್ಪು ಕೊಟ್ಟಿತು. ಬೇರೆ ಬೇರೆ ಇಟ್ಟರೆ ಸಮಾನತೆ ಆಗುವುದಿಲ್ಲ ಅಂತ ಹೇಳಿತು. ಮರುವರ್ಷ ಇನ್ನೊಂದು ತೀರ್ಪಿನಲ್ಲಿ, ಇದನ್ನು ‘ಯೋಚಿಸಿ, ಆದರೆ ಬೇಗ’ ಮಾಡಿ ಎಂಬ ಅರ್ಥದ ಮಾತು ಸೇರಿಸಿತು. ದಕ್ಷಿಣದ ರಾಜ್ಯಗಳು ಮೊದಲಿನ ಅರ್ಧ ಮಾತ್ರ ಕೇಳಿಸಿಕೊಂಡವು. ವರ್ಜೀನಿಯಾದಲ್ಲಿ ಸೆನೆಟರ್ ಹ್ಯಾರಿ ಬರ್ಡ್ ಮುಂದಾಳತ್ವದಲ್ಲಿ ‘ಭಾರಿ ಪ್ರತಿರೋಧ’ ಶುರುವಾಯಿತು. 1958ರಲ್ಲಿ ವಾರನ್ ಕೌಂಟಿ, ಶಾರ್ಲಟ್ಸ್‌ವಿಲ್, ನಾರ್ಫೋಕ್ ಕಡೆ ಬಿಳಿಯರ ಶಾಲೆಗಳಿಗೇ ಬೀಗ ಹಾಕಿಸಿದರು, ಕಪ್ಪು ಮಕ್ಕಳು ಒಳಗೆ ಬರದಿದ್ದರೆ ಸಾಕು ಅಂತ. ಪ್ರಿನ್ಸ್ ಎಡ್ವರ್ಡ್ ಕೌಂಟಿಯದು ಇನ್ನೂ ಘೋರ. ಬ್ರೌನ್ ತೀರ್ಪಿನಲ್ಲಿ ಸೇರಿದ್ದ ಐದು ಕೇಸುಗಳಲ್ಲಿ ಒಂದು ಅಲ್ಲಿಯದೇ. 1951ರ ಏಪ್ರಿಲ್‌ನಲ್ಲಿ ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ ತನ್ನ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಮುಷ್ಕರ ಮಾಡಿದ್ದರಿಂದ ಹುಟ್ಟಿದ ಕೇಸು. 180 ಮಕ್ಕಳಿಗೆ ಅಂತ ಕಟ್ಟಿದ ಶಾಲೆಯಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು, ಉಳಿದವರು ಟಾರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಕೂತು ಓದುತ್ತಿದ್ದರು. ಆ ಕೌಂಟಿಯವರು ಕೋರ್ಟ್ ಮಾತು ಕೇಳುವ ಬದಲು 1959ರಲ್ಲಿ ಎಲ್ಲ ಸರ್ಕಾರಿ ಶಾಲೆಗಳನ್ನೂ ಮುಚ್ಚಿದರು. ಐದು ವರ್ಷ. ಬಿಳಿ ಮಕ್ಕಳಿಗೆ ಖಾಸಗಿ ಅಕಾಡೆಮಿ ಶುರುವಾಯಿತು, ಅದರ ಫೀಸಿಗೆ ರಾಜ್ಯದ ಮತ್ತು ಕೌಂಟಿಯ ದುಡ್ಡು ಬಂತು. ಸುಮಾರು 1,700 ಕಪ್ಪು ಮಕ್ಕಳಿಗೆ ಊರಲ್ಲಿ ಶಾಲೆಯೇ ಇಲ್ಲದಂತಾಯಿತು. ಕೆಲವರು ನೆಂಟರ ಮನೆ ಸೇರಿಕೊಂಡು ಬೇರೆ ಊರಲ್ಲಿ ಓದಿದರು, ಎಷ್ಟೋ ಮಕ್ಕಳ ಓದು ಅಲ್ಲಿಗೇ ನಿಂತಿತು. 1964ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಮಧ್ಯೆ ಬಂದು ಶಾಲೆ ತೆರೆಸಬೇಕಾಯಿತು.

ಫೀಸಿಗೆ ಸರ್ಕಾರದ ದುಡ್ಡು ಕೊಡುವ ಈ ವಿಚಾರವನ್ನು ಗಮನಿಸಿ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಶಾಲಾ ವೌಚರ್, ಅಂದರೆ ಫೀಸಿಗೆ ಸರ್ಕಾರವೇ ದುಡ್ಡು ಕೊಡುವ ವಿಚಾರ ಮುಂದಿಟ್ಟಿದ್ದರು. ಅವರು ಅದನ್ನು ಹೇಳಿದ್ದು ಮಾರುಕಟ್ಟೆಯ ಪೈಪೋಟಿ ಒಳ್ಳೆಯದು ಎಂಬ ನಂಬಿಕೆಯಿಂದ, ವರ್ಣಭೇದ ಉಳಿಸಲಿಕ್ಕಲ್ಲ. ಆದರೆ ದಕ್ಷಿಣದಲ್ಲಿ ಆ ಉಪಾಯ ಬಳಕೆಯಾದದ್ದು ವರ್ಣಭೇದ ಉಳಿಸಲಿಕ್ಕೇ. ಇದನ್ನು ಹೇಳಿದರೆ ಇವತ್ತಿನ ವೌಚರ್ ಬೆಂಬಲಿಗರೆಲ್ಲ ಅದೇ ಉದ್ದೇಶದವರು ಅಂತ ಅರ್ಥವಲ್ಲ. ಒಂದು ಯೋಜನೆಯ ಉದ್ದೇಶ ಏನೇ ಇರಲಿ, ಅದು ಯಾವ ನೆಲದ ಮೇಲೆ ನಿಲ್ಲುತ್ತದೆ ಅನ್ನುವುದನ್ನು ನೋಡಲೇಬೇಕು ಅನ್ನುವುದಷ್ಟೇ ನನ್ನ ಮಾತು.

ನ್ಯೂ ಕೆಂಟ್‌ನಲ್ಲಿ ಇಂಥ ಗಲಾಟೆ ಯಾವುದೂ ಆಗಲಿಲ್ಲ. ಶಾಲೆ ಮುಚ್ಚಲಿಲ್ಲ. ಏನೂ ಆಗದೇ ಇದ್ದದ್ದೇ ಅಲ್ಲಿಯ ಸಮಸ್ಯೆ. ಬ್ರೌನ್ ತೀರ್ಪು ಬಂದು ಹತ್ತು ವರ್ಷ ಕಳೆದರೂ ಎರಡು ಶಾಲೆ ಹಾಗೇ ಇದ್ದವು. ವರ್ಜೀನಿಯಾದಲ್ಲಿ ಆಗ ‘ಪ್ಯೂಪಿಲ್ ಪ್ಲೇಸ್‌ಮೆಂಟ್ ಬೋರ್ಡ್’ ಅಂತ ಒಂದಿತ್ತು. ಮಗು ತಾನು ಓದುತ್ತಿರುವ ಶಾಲೆಯಲ್ಲೇ ಮುಂದುವರಿಯುತ್ತದೆ, ಬದಲಾಯಿಸಬೇಕೆಂದರೆ ಈ ಬೋರ್ಡಿಗೆ ಅರ್ಜಿ ಹಾಕಬೇಕು. 1964ರ ಸೆಪ್ಟೆಂಬರ್‌ವರೆಗೆ ಒಬ್ಬ ಕಪ್ಪು ವಿದ್ಯಾರ್ಥಿಯೂ ನ್ಯೂ ಕೆಂಟ್ ಶಾಲೆಗೆ ಅರ್ಜಿ ಹಾಕಲಿಲ್ಲ, ಒಬ್ಬ ಬಿಳಿ ವಿದ್ಯಾರ್ಥಿಯೂ ವಾಟ್ಕಿನ್ಸ್‌ಗೆ ಹಾಕಲಿಲ್ಲ.

ಆಮೇಲೆ ಎರಡು ವಿಷಯ ಒಟ್ಟಿಗೆ ನಡೆದವು. 1964ರ ನಾಗರಿಕ ಹಕ್ಕು ಕಾಯಿದೆ ಬಂತು. ಭೇದ ಮಾಡುವ ಶಾಲೆಗೆ ಕೇಂದ್ರದ ದುಡ್ಡು ಸಿಗುವುದಿಲ್ಲ ಅಂತಾಯಿತು, 1965ರಲ್ಲಿ ಶಾಲೆಗಳಿಗೆ ಕೇಂದ್ರ ಕೊಡುವ ದುಡ್ಡು ಜಾಸ್ತಿಯೂ ಆಯಿತು. ಇನ್ನೊಂದು ಕಡೆ ಊರಲ್ಲೇ ಕ್ಯಾಲ್ವಿನ್ ಗ್ರೀನ್ ಮುಂದೆ ಬಂದರು. ಅವರು ಕಪ್ಪು ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿಯ ಸ್ಥಳೀಯ ಶಾಖೆಯ ಅಧ್ಯಕ್ಷರು. 1965ರ ಮಾರ್ಚ್‌ನಲ್ಲಿ ಕೇಸು ಹಾಕಿಸಿದರು. ಕೇಸು ನಿಂತಿದ್ದು ಅವರ ಮಗ ಚಾರ್ಲ್ಸ್ ಹೆಸರಿನಲ್ಲಿ. ವಕೀಲರು ಸ್ಯಾಮ್ಯುಯೆಲ್ ಟಕ್ಕರ್. ಈ ಟಕ್ಕರ್ 1939ರಲ್ಲೇ ಅಲೆಕ್ಸಾಂಡ್ರಿಯಾದ ಸಾರ್ವಜನಿಕ ಗ್ರಂಥಾಲಯದಲ್ಲಿ ಕಪ್ಪು ಯುವಕರನ್ನು ಸುಮ್ಮನೆ ಪುಸ್ತಕ ಹಿಡಿದು ಕೂರಿಸಿ ಪ್ರತಿಭಟನೆ ಮಾಡಿಸಿದ್ದವರು.

ಕೇಸು ಬಿತ್ತು, ಕೇಂದ್ರದ ದುಡ್ಡೂ ಬೇಕಿತ್ತು. 1965ರ ಆಗಸ್ಟ್‌ನಲ್ಲಿ ಶಾಲಾ ಮಂಡಳಿ ಒಂದು ಯೋಜನೆ ತಂದಿತು. ಹೆಸರು ‘ಫ್ರೀಡಂ ಆಫ್ ಚಾಯ್ಸ್’, ಅಂದರೆ ಆಯ್ಕೆಯ ಸ್ವಾತಂತ್ರ್ಯ. ಒಂದನೇ ಮತ್ತು ಎಂಟನೇ ಕ್ಲಾಸಿಗೆ ಸೇರುವವರು ಎರಡರಲ್ಲಿ ಒಂದು ಶಾಲೆ ಆರಿಸಲೇಬೇಕು. ಉಳಿದ ತರಗತಿಯವರು ಬೇಕಾದರೆ ವರ್ಷಕ್ಕೊಮ್ಮೆ ಬದಲಾಯಿಸಬಹುದು, ಏನೂ ಹೇಳದಿದ್ದರೆ ಹಳೇ ಶಾಲೆಯೇ ಗಟ್ಟಿ. ಕಾಗದದ ಮೇಲೆ ನೋಡಿದರೆ ಯಾವ ತಪ್ಪೂ ಇಲ್ಲ, ಅಲ್ವಾ? ಎಲ್ಲ ಮಕ್ಕಳಿಗೂ ಒಂದೇ ನಿಯಮ. ಯಾರಿಗೂ ಬಾಗಿಲು ಮುಚ್ಚಿಲ್ಲ.

ಮೂರು ವರ್ಷದ ಲೆಕ್ಕ ಹೀಗಿದೆ. ಕೌಂಟಿಯಲ್ಲಿ ಒಟ್ಟು ಸುಮಾರು 1,300 ಮಕ್ಕಳು, 740 ಕಪ್ಪು, 550 ಬಿಳಿ. ನ್ಯೂ ಕೆಂಟ್ ಶಾಲೆಗೆ ಸೇರಿದ ಕಪ್ಪು ಮಕ್ಕಳು 1965ರಲ್ಲಿ 35, 1966ರಲ್ಲಿ 111, 1967ರಲ್ಲಿ 115. ವಾಟ್ಕಿನ್ಸ್‌ಗೆ ಸೇರಿದ ಬಿಳಿ ಮಕ್ಕಳು ಮೂರೂ ವರ್ಷ ಸೊನ್ನೆ. ನೂರಕ್ಕೆ 85 ಕಪ್ಪು ಮಕ್ಕಳು ಹಳೆಯ ಶಾಲೆಯಲ್ಲೇ ಉಳಿದರು.

ಶಾಲಾ ಮಂಡಳಿ ಕೋರ್ಟಿನಲ್ಲಿ ಹೇಳಿದ್ದು ಇಷ್ಟೇ: ನಾವು ಬಾಗಿಲು ತೆರೆದಿದ್ದೇವೆ, ಬರದಿದ್ದರೆ ಅದು ಅವರ ಇಷ್ಟ. ಕೇಳಲು ಸಮಂಜಸ ಅನಿಸುತ್ತದೆ. ಹಾಗಾದರೆ 625 ಮಕ್ಕಳ ಅಪ್ಪ ಅಮ್ಮ ಯಾಕೆ ‘ಇಷ್ಟಪಡಲಿಲ್ಲ’?

ಇದಕ್ಕೆ ಉತ್ತರ ಆಗಿನ ನಾಗರಿಕ ಹಕ್ಕು ಆಯೋಗದ ವರದಿಯಲ್ಲಿದೆ. ದಕ್ಷಿಣದ ರಾಜ್ಯಗಳಲ್ಲೆಲ್ಲ ಇಂಥ ಯೋಜನೆ ಹೇಗೆ ನಡೆಯುತ್ತಿದೆ ಅಂತ ಅವರು ನೋಡಿದ್ದರು, ಸುಪ್ರೀಂ ಕೋರ್ಟ್ ತನ್ನ ತೀರ್ಪಿನ ಅಡಿಟಿಪ್ಪಣಿಯಲ್ಲಿ ಅದನ್ನು ಉಲ್ಲೇಖಿಸಿತು. ಮೊದಲನೆಯದು ಭಯ. ಬಿಳಿಯರ ಹೊಲದಲ್ಲಿ, ಮನೆಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡುವವನು ತನ್ನ ಮಗುವನ್ನು ಬಿಳಿಯರ ಶಾಲೆಗೆ ಬರೆಸಿದರೆ ನಾಳೆ ಕೂಲಿ ಹೋಗಬಹುದು, ಸಾಲ ಸಿಗದೆ ಹೋಗಬಹುದು, ಬಾಡಿಗೆ ಮನೆಯಿಂದ ಎಬ್ಬಿಸಬಹುದು, ರಾತ್ರಿ ಕಲ್ಲು ಬೀಳಬಹುದು. ಸಣ್ಣ ಊರಲ್ಲಿ ಯಾರು ಯಾವ ಫಾರಂ ತುಂಬಿದರು ಅನ್ನುವುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಎರಡನೆಯದು ಬಡತನ. ಹಾಕಿಕೊಳ್ಳಲು ಒಳ್ಳೆ ಬಟ್ಟೆ ಇಲ್ಲ, ಶೂ ಇಲ್ಲ, ಮಧ್ಯಾಹ್ನದ ಊಟಕ್ಕೆ ಕೊಡಲು ಚಿಲ್ಲರೆ ಇಲ್ಲ, ಅಂಥ ಮಗುವನ್ನು ಉಳ್ಳವರ ನಡುವೆ ಕೂರಿಸಿ ನಾಚಿಕೆಪಡಿಸುವುದು ಯಾವ ತಾಯಿಗೆ ಬೇಕು? ಮೂರನೆಯದು, ಎಷ್ಟೋ ಕಡೆ ಅಧಿಕಾರಿಗಳು ಕಪ್ಪು ಮಕ್ಕಳ ಶಾಲೆಗೆ ಇದ್ದಕ್ಕಿದ್ದಂತೆ ದುಡ್ಡು ಹಾಕಿ ದುರಸ್ತಿ ಮಾಡಿದರು. ಅಷ್ಟು ವರ್ಷ ಕೇಳಿದರೂ ಸಿಗದ ಸೌಲಭ್ಯ ಈಗ ಬಂತು, ನೀವು ಅಲ್ಲೇ ಇರಿ ಅನ್ನುವುದಕ್ಕೆ.

ಇದರ ಜೊತೆ ನಾನು ಇನ್ನೊಂದು ಸೇರಿಸುತ್ತೇನೆ. ವಾಟ್ಕಿನ್ಸ್ ಅವರದೇ ಶಾಲೆ. ಅವರ ಹಿರಿಯರು ಕಷ್ಟಪಟ್ಟು ಉಳಿಸಿಕೊಂಡದ್ದು. ಮೇಷ್ಟ್ರುಗಳು ಅದೇ ಚರ್ಚಿಗೆ ಬರುವವರು, ಮನೆ ಕಷ್ಟ ಗೊತ್ತಿದ್ದವರು. ಅದನ್ನು ಬಿಟ್ಟು ಅಪರಿಚಿತರ ನಡುವೆ ಮಗುವನ್ನು ಕಳಿಸು ಅಂದರೆ, ಅದರಲ್ಲೂ ಆ ಕಡೆಯಿಂದ ಒಂದೇ ಒಂದು ಮಗುವೂ ಈ ಕಡೆ ಬರದಿರುವಾಗ, ಮನಸ್ಸು ಹಿಂಜರಿಯುವುದು ಸಹಜ. ಈ ಹಿಂಜರಿಕೆಯನ್ನು ‘ಅವರಿಗೇ ಬೇಡ’ ಅಂತ ಓದಿದ್ದು ಶಾಲಾ ಮಂಡಳಿಯ ಜಾಣತನ.

1968ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್‌ನಲ್ಲಿ ವಾದ ನಡೆಯಿತು. ಮರುದಿನ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಮೇ 27ರಂದು ತೀರ್ಪು ಬಂತು, ಒಮ್ಮತದ ತೀರ್ಪು, ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನನ್. ಅರ್ಕಾನ್ಸಸ್‌ನ ಗೌಲ್ಡ್, ಟೆನೆಸಿಯ ಜ್ಯಾಕ್ಸನ್ ಊರುಗಳ ಇಂಥದ್ದೇ ಕೇಸುಗಳ ತೀರ್ಪೂ ಅವತ್ತೇ ಬಂತು.

ತೀರ್ಪಿನ ಸಾರ ಹೀಗಿದೆ. ಎರಡು ಶಾಲೆಗಳ ಈ ವ್ಯವಸ್ಥೆ ಕಟ್ಟಿದ್ದು ಸರ್ಕಾರ. ಹಾಗಾಗಿ ಅದನ್ನು ಬೇರುಸಹಿತ ಕೀಳುವ ಜವಾಬ್ದಾರಿಯೂ ಸರ್ಕಾರದ್ದೇ. ಆಯ್ಕೆ ಕೊಟ್ಟಿದ್ದೇವೆ ಅಂತ ಹೇಳಿ ಆ ಭಾರವನ್ನು ಮಕ್ಕಳ ಮೇಲೆ, ಅಪ್ಪ ಅಮ್ಮನ ಮೇಲೆ ಹಾಕುವಂತಿಲ್ಲ. ಯೋಜನೆ ಒಳ್ಳೆಯದೋ ಕೆಟ್ಟದೋ ಅನ್ನುವುದನ್ನು ಅದರ ಹೆಸರು ನೋಡಿ ಹೇಳಲಾಗದು, ಅದು ನಿಜವಾಗಿ ಕೆಲಸ ಮಾಡುತ್ತದೆಯೇ, ಈಗಲೇ ಕೆಲಸ ಮಾಡುತ್ತದೆಯೇ ಅಂತ ನೋಡಬೇಕು. ಕೊನೆಯಲ್ಲಿ ಇರಬೇಕಾದ್ದು ಬಿಳಿಯರ ಶಾಲೆ ಕಪ್ಪು ಜನರ ಶಾಲೆ ಅಂತಲ್ಲ, ಬರೀ ಶಾಲೆ. ಎಲ್ಲಿ ನೋಡಬೇಕು ಅಂತಲೂ ಕೋರ್ಟ್ ಬೊಟ್ಟು ಮಾಡಿತು: ಮಕ್ಕಳು, ಮೇಷ್ಟ್ರು, ಉಳಿದ ಸಿಬ್ಬಂದಿ, ಬಸ್ಸು, ಆಟಪಾಠದ ಚಟುವಟಿಕೆ, ಕಟ್ಟಡ ಸೌಲಭ್ಯ. ಈ ಆರನ್ನು ‘ಗ್ರೀನ್ ಅಂಶಗಳು’ ಅಂತ ಈಗಲೂ ಕರೆಯುತ್ತಾರೆ.

ಪರಿಹಾರ ಎಷ್ಟು ಸರಳವಾಗಿತ್ತು ನೋಡಿ. ಪೂರ್ವದಲ್ಲಿ ಇರುವವರು ಪೂರ್ವದ ಶಾಲೆಗೆ, ಪಶ್ಚಿಮದಲ್ಲಿ ಇರುವವರು ಪಶ್ಚಿಮದ ಶಾಲೆಗೆ. ಮನೆಗಳು ಬೆರೆತೇ ಇದ್ದದ್ದರಿಂದ ಶಾಲೆಗಳೂ ಬೆರೆಯುತ್ತವೆ, ಡಬಲ್ ಬಸ್ ಓಡಿಸುವ ಖರ್ಚೂ ಉಳಿಯುತ್ತದೆ. ಇಲ್ಲವೆಂದರೆ ಚಿಕ್ಕ ಮಕ್ಕಳೆಲ್ಲ ಒಂದು ಕಟ್ಟಡಕ್ಕೆ, ದೊಡ್ಡವರೆಲ್ಲ ಇನ್ನೊಂದಕ್ಕೆ. ಈ ಎರಡೂ ದಾರಿಯನ್ನು ಕೋರ್ಟ್ ಹೇಳಿತು. ಕೌಂಟಿ ಎರಡನೆಯ ದಾರಿ ಹಿಡಿದು ತರಗತಿವಾರು ಹಂಚಿತು. ಕ್ವಿಂಟನ್‌ನಲ್ಲಿ ವಾಟ್ಕಿನ್ಸ್ ಹೆಸರಿನ ಎಲಿಮೆಂಟರಿ ಶಾಲೆ ಇವತ್ತೂ ನಡೆಯುತ್ತಿದೆ. 2001ರಲ್ಲಿ ಎರಡೂ ಶಾಲೆಗಳನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳೆಂದು ಘೋಷಿಸಿದರು.

ಈ ತೀರ್ಪಿನಿಂದ ದಕ್ಷಿಣದಲ್ಲಿ ಆದ ಬದಲಾವಣೆ ಸಣ್ಣದಲ್ಲ. ಬಿಳಿಯರು ಹೆಚ್ಚಿರುವ ಶಾಲೆಗಳಲ್ಲಿ ಓದುತ್ತಿದ್ದ ಕಪ್ಪು ಮಕ್ಕಳ ಪ್ರಮಾಣ 1964ರಲ್ಲಿ ನೂರಕ್ಕೆ 2.3. 1968ರಲ್ಲಿ 23.4. 1970ರಲ್ಲಿ 33.1. 1988ರ ಹೊತ್ತಿಗೆ 43.5. ಬ್ರೌನ್ ತೀರ್ಪಿನ ನಂತರದ ಹತ್ತು ವರ್ಷದಲ್ಲಿ ಆಗದ್ದು ಗ್ರೀನ್ ತೀರ್ಪಿನ ಆಸುಪಾಸಿನ ಐದಾರು ವರ್ಷದಲ್ಲಿ ಆಯಿತು.

ಆದರೆ ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು, ಯಾಕೆಂದರೆ ಅದನ್ನು ಬಹಳ ಜನ ಹೇಳುವುದಿಲ್ಲ. ಶಾಲೆ ಒಂದುಗೂಡಿಸುವ ಕೆಲಸವನ್ನು ಮಾಡಿದ್ದು ಅದನ್ನು ವಿರೋಧಿಸುತ್ತಿದ್ದ ಅದೇ ಮಂಡಳಿಗಳು. ಎರಡು ಶಾಲೆ ಸೇರಿದಾಗ ಮುಚ್ಚಿದ್ದು ಅಥವಾ ಕೆಳಗಿನ ತರಗತಿಗೆ ಇಳಿಸಿದ್ದು ಹೆಚ್ಚಾಗಿ ಕಪ್ಪು ಮಕ್ಕಳ ಶಾಲೆಯನ್ನು. ದಕ್ಷಿಣದಾದ್ಯಂತ ಹತ್ತಾರು ಸಾವಿರ ಕಪ್ಪು ಶಿಕ್ಷಕರು, ಹೆಡ್‌ಮಾಸ್ಟರುಗಳು ಕೆಲಸ ಕಳೆದುಕೊಂಡರು, ಇಲ್ಲವೇ ಕೆಳಗಿನ ಹುದ್ದೆಗೆ ಇಳಿದರು. ಹೈಸ್ಕೂಲಿನ ಹೆಸರು, ಬ್ಯಾಂಡು, ಟ್ರೋಫಿ, ಹಳೆ ವಿದ್ಯಾರ್ಥಿಗಳ ಫೋಟೋ, ಎಷ್ಟೋ ಕಡೆ ಎಲ್ಲ ಮೂಲೆಗೆ ಸೇರಿದವು. ಕಪ್ಪು ಮಕ್ಕಳು ಹೊಸ ಕಟ್ಟಡಕ್ಕೆ ಬಂದರು, ಅವರನ್ನು ಬಲ್ಲ ಮೇಷ್ಟ್ರುಗಳು ಬರಲಿಲ್ಲ. ಕೋರ್ಟ್ ಹೇಳಿದ ಆರು ಅಂಶಗಳಲ್ಲಿ ಶಿಕ್ಷಕರೂ ಇದ್ದರು. ಅದನ್ನು ಪಾಲಿಸಿದ್ದು ಬಹಳ ಕಮ್ಮಿ. ಈ ನಷ್ಟವನ್ನು ತೋರಿಸಿ ‘ಬೇರೆ ಬೇರೆ ಇದ್ದಿದ್ದರೇ ಚೆನ್ನಾಗಿತ್ತು’ ಅನ್ನುವ ಮಾತು ಕೆಲವೊಮ್ಮೆ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಒಂದುಗೂಡಿಸಿದ್ದು ತಪ್ಪಲ್ಲ, ಒಂದುಗೂಡಿಸುವಾಗ ಯಾರ ಕೈಯಲ್ಲಿ ಅಧಿಕಾರ ಉಳಿಯಿತು ಅನ್ನುವುದು ತಪ್ಪು.

1988ರ ನಂತರ ಗಡಿಯಾರ ಹಿಂದಕ್ಕೆ ತಿರುಗಿತು. ಅದಕ್ಕೂ ಮೊದಲೇ, 1974ರಲ್ಲಿ, ಡೆಟ್ರಾಯಿಟ್ ನಗರದ ಕೇಸಿನಲ್ಲಿ ಕೋರ್ಟ್ ಒಂದು ಗೆರೆ ಎಳೆದಿತ್ತು: ನಗರದ ಶಾಲೆಗಳ ಪ್ರತ್ಯೇಕತೆ ಸರಿಮಾಡಲು ಸುತ್ತಲಿನ ಉಪನಗರಗಳ ಶಾಲೆಗಳನ್ನು ಎಳೆತರುವಂತಿಲ್ಲ ಅಂತ. ಬಿಳಿಯರು ಉಪನಗರಕ್ಕೆ ಹೋದರೆ ಮುಗಿಯಿತು. 1991, 1992ರ ತೀರ್ಪುಗಳಲ್ಲಿ ಕೋರ್ಟಿನ ಉಸ್ತುವಾರಿಯಿಂದ ಹೊರಬರುವ ದಾರಿ ಸಲೀಸಾಯಿತು. 2007ರಲ್ಲಿ, ಶಾಲೆಗಳು ತಾವಾಗಿಯೇ ಮಕ್ಕಳ ಬಣ್ಣ ನೋಡಿ ಸಮತೋಲನ ಮಾಡಲು ಹೊರಟರೂ ಅದನ್ನು ತಡೆದರು. ನೂರಕ್ಕೆ 43.5 ಇದ್ದದ್ದು 2011ರ ಹೊತ್ತಿಗೆ 23.2ಕ್ಕೆ ಬಂತು, ಅಂದರೆ ಹೆಚ್ಚುಕಮ್ಮಿ 1968ರ ಜಾಗಕ್ಕೇ. 2025ರ ಏಪ್ರಿಲ್‌ನಲ್ಲಿ ಲೂಸಿಯಾನಾದ ಪ್ಲಾಕಮಿನ್ ಎಂಬ ಕಡೆಯ ಶಾಲೆಗಳ ಮೇಲೆ 1966ರಿಂದ ಇದ್ದ ಕೇಸನ್ನು ಅಮೆರಿಕದ ನ್ಯಾಯಾಂಗ ಇಲಾಖೆ ಮುಗಿಸಿತು. ಇಂಥ ಹಳೆಯ ಆದೇಶಗಳು ದಕ್ಷಿಣದಲ್ಲಿ ಇನ್ನೂ ಬೇಕಾದಷ್ಟಿವೆ, ಅವುಗಳನ್ನೂ ಮುಗಿಸುವ ಮಾತು ನಡೆದಿದೆ.

ಈಗ ವೌಚರ್ ವಿಷಯಕ್ಕೆ ಬರೋಣ. ಇವತ್ತಿನ ಆಯ್ಕೆ ಯೋಜನೆಗಳು 1965ರ ನ್ಯೂ ಕೆಂಟ್ ಯೋಜನೆಯ ನಕಲು ಅಲ್ಲ, ಇದನ್ನು ಒಪ್ಪಬೇಕು. 1976ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಖಾಸಗಿ ಶಾಲೆ ಕೂಡ ಬಣ್ಣದ ಕಾರಣಕ್ಕೆ ಮಗುವನ್ನು ಬೇಡ ಅನ್ನುವಂತಿಲ್ಲ. ಹಾಳುಬಿದ್ದ ನಗರದ ಶಾಲೆಗಳಿಂದ ತಮ್ಮ ಮಕ್ಕಳನ್ನು ಹೊರಗೆ ತರಲು ಎಷ್ಟೋ ಕಪ್ಪು ತಾಯಂದಿರೇ ವೌಚರ್ ಬೇಕು ಅನ್ನುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದು. ನಾಳೆಗೆ ಶಾಲೆ ಸುಧಾರಿಸುತ್ತದೆ ಕಾಯಿರಿ ಅಂತ ಅವರಿಗೆ ಹೇಳುವ ನೈತಿಕತೆ ಯಾರಿಗಿದೆ?

ಆದರೂ ನ್ಯೂ ಕೆಂಟ್‌ನ ಪ್ರಶ್ನೆಗಳು ಹಾಗೇ ನಿಲ್ಲುತ್ತವೆ. ಆರಿಸುವ ಕೆಲಸ ಯಾರ ತಲೆ ಮೇಲೆ ಬೀಳುತ್ತದೆ? ಏನೂ ಆರಿಸದಿದ್ದರೆ ಮಗು ಎಲ್ಲಿ ಉಳಿಯುತ್ತದೆ? ಫಾರಂ ತುಂಬಲು, ಗಡುವು ನೋಡಿಕೊಳ್ಳಲು, ಶಾಲೆಗಳನ್ನು ಸುತ್ತಿ ನೋಡಲು ಪುರಸೊತ್ತು ಯಾರಿಗಿದೆ? ಎರಡು ಪಾಳಿ ದುಡಿಯುವ ಮನೆಯಲ್ಲಿ ಕಾರು ಒಂದೇ ಇದ್ದರೆ 40 ಕಿಲೋಮೀಟರ್ ಆಚೆ ಇರುವ ಒಳ್ಳೆ ಶಾಲೆಗೆ ದಿನಾ ಬಿಟ್ಟು ಬರುವವರು ಯಾರು? ಸರ್ಕಾರ ಫೀಸಿಗೆ ಅಂತ ಕೊಡುವ ದುಡ್ಡು ಫೀಸಿಗಿಂತ ಕಮ್ಮಿ ಇದ್ದರೆ ಬಾಕಿ ಕಟ್ಟಬಲ್ಲವರು ಯಾರು? ಇದೆಲ್ಲಕ್ಕಿಂತ ಮುಖ್ಯ, ಕೊನೆಗೆ ಆರಿಸುವುದು ಮಗುವೋ ಶಾಲೆಯೋ? ಟೆಕ್ಸಸ್ ಕಾನೂನಿನಲ್ಲಿ ಖಾಸಗಿ ಶಾಲೆ ತನ್ನ ಪ್ರವೇಶದ ನಿಯಮ ಬದಲಾಯಿಸಬೇಕಿಲ್ಲ. ಪರೀಕ್ಷೆಯ ಅಂಕ, ನಡತೆ, ಕಲಿಕೆಯ ತೊಂದರೆ ನೋಡಿ ಬೇಡ ಅನ್ನಬಹುದು.

ಹಳ್ಳಿಗಳಿಗಂತೂ ಇದು ಇನ್ನೂ ನೇರವಾಗಿ ತಟ್ಟುತ್ತದೆ. ಟೆಕ್ಸಸ್‌ನಲ್ಲಿ ವೌಚರ್ ಕಾನೂನು ಇಷ್ಟು ವರ್ಷ ಪಾಸಾಗದೇ ಇದ್ದದ್ದು ಬರೀ ಡೆಮಾಕ್ರಟಿಕ್ ಪಕ್ಷದವರ ವಿರೋಧದಿಂದಲ್ಲ. 2023ರ ನವೆಂಬರ್‌ನಲ್ಲಿ 21 ಜನ ರಿಪಬ್ಲಿಕನ್ ಶಾಸಕರು, ಹೆಚ್ಚಿನವರು ಹಳ್ಳಿ ಕಡೆಯವರು, ತಮ್ಮದೇ ಗವರ್ನರ್ ವಿರುದ್ಧ ಓಟು ಹಾಕಿ ಅದನ್ನು ಬೀಳಿಸಿದ್ದರು. ಅವರಿಗೆ ಗೊತ್ತಿತ್ತು, ತಮ್ಮ ಊರಲ್ಲಿ ಇರುವುದೇ ಒಂದು ಸರ್ಕಾರಿ ಶಾಲೆ. ಅದೇ ಊರಿನ ದೊಡ್ಡ ಉದ್ಯೋಗದಾತ, ಶುಕ್ರವಾರ ರಾತ್ರಿ ಫುಟ್‌ಬಾಲ್ ಮ್ಯಾಚಿಗೆ ಇಡೀ ಊರು ಸೇರುವ ಜಾಗವೂ ಅದೇ. ಸಣ್ಣ ಶಾಲೆಯಿಂದ ಹತ್ತು ಮಕ್ಕಳು ಹೋದರೂ ಬಸ್ಸಿನ ಖರ್ಚು, ಕಟ್ಟಡದ ಖರ್ಚು, ಮೇಷ್ಟ್ರ ಸಂಬಳ ಹಾಗೇ ಇರುತ್ತದೆ, ಬರುವ ಅನುದಾನ ಮಾತ್ರ ಕಮ್ಮಿಯಾಗುತ್ತದೆ. ಆ ಶಾಸಕರಲ್ಲಿ ಬಹುತೇಕರು ಮುಂದಿನ ಚುನಾವಣೆಯಲ್ಲಿ ಮತ್ತೆ ಗೆದ್ದು ಬರಲಿಲ್ಲ, 2025ರಲ್ಲಿ ಕಾನೂನು ಪಾಸಾಯಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಈ ಕಥೆಯಲ್ಲಿ ಪಾಲಿದೆ. ಭಾರತದಂಥ ದೇಶಗಳವರಿಗೆ ಅಮೆರಿಕ ಬಾಗಿಲು ತೆರೆದ ವಲಸೆ ಕಾನೂನು ಬಂದದ್ದು 1965ರಲ್ಲಿ, ಕ್ಯಾಲ್ವಿನ್ ಗ್ರೀನ್ ಕೇಸು ಹಾಕಿಸಿದ ವರ್ಷವೇ. ನಾಗರಿಕ ಹಕ್ಕು ಚಳವಳಿಯ ಗಾಳಿ ಇಲ್ಲದೆ ಆ ಕಾನೂನು ಬರುವುದು ಕಷ್ಟವಿತ್ತು. ಈಗ ರಿಚ್ಮಂಡ್ ಇರಲಿ, ಡಲ್ಲಾಸ್ ಇರಲಿ, ನಮ್ಮವರು ಮನೆ ಕೊಳ್ಳುವಾಗ ಮೊದಲು ನೋಡುವುದು ಆ ಜಾಗದ ಶಾಲೆಗೆ ಹತ್ತರಲ್ಲಿ ಎಷ್ಟು ರೇಟಿಂಗ್ ಇದೆ ಅಂತ. ಶಾಲೆಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಅಲ್ಲಿನ ಮನೆ ತೆರಿಗೆಯಿಂದ ಬರುತ್ತದೆ, ಹಾಗಾಗಿ ದುಬಾರಿ ಮನೆಗಳ ಕಡೆ ಒಳ್ಳೆ ಶಾಲೆ, ಒಳ್ಳೆ ಶಾಲೆಯ ಕಡೆ ಇನ್ನೂ ದುಬಾರಿ ಮನೆ. ಮಗುವಿಗೆ ಒಳ್ಳೆಯದನ್ನು ಬಯಸುವುದು ತಪ್ಪಲ್ಲ. ಆ ಗೆರೆಗಳನ್ನು ಯಾರು, ಯಾವಾಗ, ಯಾಕೆ ಎಳೆದರು ಅನ್ನುವುದನ್ನು ತಿಳಿದುಕೊಂಡು, ಊರಿನ ಶಾಲಾ ಮಂಡಳಿ ಚುನಾವಣೆಯಲ್ಲಿ, ಗಡಿ ಬದಲಾಯಿಸುವ ಸಭೆಯಲ್ಲಿ ಬಾಯಿ ತೆರೆಯುವವರು ನಮ್ಮಲ್ಲಿ ಇನ್ನೂ ಜಾಸ್ತಿ ಆಗಬೇಕು.

ಹಾಗಂತ ಇದು ಪರದೇಶದ ರೋಗ ಅಂತ ತಿಳಿಯಬೇಡಿ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ್ದ. ಬಾಂಬೆ ಸರ್ಕಾರ ಆಗುವುದಿಲ್ಲ ಅಂದಿತು. ಅದು ಕೊಟ್ಟ ಕಾರಣದ ಸಾರ ಇದು: ಇದುವರೆಗೆ ಹೀಗೆ ಕೇಳಿಕೊಂಡು ಬಂದವನು ಇವನೊಬ್ಬನೇ, ಒಬ್ಬನಿಗಾಗಿ ಉಳಿದ ಎಲ್ಲರಿಗೆ ಶಾಲೆ ಉಪಯೋಗವಿಲ್ಲದಂತೆ ಮಾಡುವುದು ಸರಿಯಲ್ಲ. ಆಮೇಲೆ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ನಿರ್ದೇಶಕರು, ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಅಂದರು. ಕಾಗದದ ಮೇಲೆ ಬಾಗಿಲು ತೆರೆಯಿತು, ಆದರೆ ತರಗತಿಯಲ್ಲಿ ಒಟ್ಟಿಗೆ ಕೂರಲು ಎಷ್ಟೋ ದಶಕ ಬೇಕಾಯಿತು. ಬಾಂಬೆ ಸರ್ಕಾರವೂ ನ್ಯೂ ಕೆಂಟ್ ಮಂಡಳಿಯೂ ಒಂದೇ ರೀತಿ ಲೆಕ್ಕ ಹಾಕಿದವು ಅನ್ನುವುದು ನನಗೆ ಬಹಳ ಕಾಡುವ ವಿಷಯ. ಎಷ್ಟು ಜನ ಬಂದು ಕೇಳಿದರು ಅಂತ ಎಣಿಸಿದರು. ಬಂದು ಕೇಳುವುದು ಎಷ್ಟು ಕಷ್ಟ ಅನ್ನುವುದನ್ನು ಎಣಿಸಲಿಲ್ಲ.

2027ರಿಂದ ಅಮೆರಿಕದ ಒಂದೊಂದೇ ರಾಜ್ಯ ಈ ಹೊಸ ಯೋಜನೆಗೆ ಸೇರಿಕೊಳ್ಳುವಾಗ ಕೇಳಬೇಕಾದ ಮಾಹಿತಿ ಬಹಳ ಏನಿಲ್ಲ. ದುಡ್ಡು ಪಡೆದ ಮಕ್ಕಳಲ್ಲಿ ಎಷ್ಟು ಜನ ಮೊದಲೇ ಖಾಸಗಿ ಶಾಲೆಯಲ್ಲಿ ಇದ್ದವರು, ಎಷ್ಟು ಜನ ಸರ್ಕಾರಿ ಶಾಲೆಯಿಂದ ಬಂದವರು. ಅರ್ಜಿ ಹಾಕಿಯೂ ಶಾಲೆಯವರು ಸೇರಿಸಿಕೊಳ್ಳದ ಮಕ್ಕಳು ಯಾರು. ಬಸ್ಸು ಯಾರು ಓಡಿಸುತ್ತಾರೆ. ಉಳಿದುಹೋದ ಶಾಲೆಯಲ್ಲಿ ಎಷ್ಟು ಮೇಷ್ಟ್ರು ಉಳಿದರು. ಈ ಲೆಕ್ಕವನ್ನು ಊರೂರಿಗೆ, ವರ್ಷ ವರ್ಷ, ಬಣ್ಣ ಮತ್ತು ಆದಾಯದ ಪ್ರಕಾರ ಬಿಡಿಸಿ ಪ್ರಕಟಿಸಬೇಕು ಅಂತ ಕಾನೂನಿನಲ್ಲೇ ಬರೆಸಬೇಕು. ನ್ಯೂ ಕೆಂಟ್ ಕೇಸು ಗೆದ್ದದ್ದು ಮೂರು ವರ್ಷದ ಅಂಥ ಲೆಕ್ಕ ಕೋರ್ಟಿನ ಮುಂದೆ ಇದ್ದದ್ದರಿಂದ.